ಕುರ್ಕ, ಪ್ಯಾಂಥರ್, ಲಿಯೋಪಾರ್ಡ್

ಮೊದಲ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕ್ಯಾಂಟೀನಿನಲ್ಲಿ ಊಟ ಮಾಡ್ತಾ ನಮ್ಮೂರಲ್ಲಿ ಚಿರತೆ ಬೋನಿಗೆ ಬಿದ್ದ ಕಥೆ ಹೇಳ್ತಿದ್ದೆ. ತಂಡದಲ್ಲಿ ಕನ್ನಡ ಬರದವರೂ ಇದ್ದರು, ಹಾಗಾಗಿ ಕಷ್ಟಪಟ್ಟು ಇಂಗ್ಲಿಷಿನಲ್ಲಿ. ‘ಲಿಯೋಪಾರ್ಡ್’ ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು, ಆಮೇಲೆ ನಕ್ಕರು. ‘ಲೆಪರ್ಡ್ ಅನ್ಬೇಕು ಮಾರಾಯ’ ಅಂತ ಒಬ್ಬ ತಿದ್ದಿದ. ಅವನು ಚಿರತೆಯನ್ನು ಟೀವಿಯಲ್ಲಿ ನೋಡಿದವನು, ನಾನು ಹಿತ್ತಲಲ್ಲಿ ನೋಡಿದವನು. ಆದರೂ ಆವತ್ತು ಬೋನಿಗೆ ಬಿದ್ದದ್ದು ನಾನೇ.

ಆ ಪದವನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ, ಓದಿದ್ದೆ ಅಷ್ಟೆ. ಎಚ್.ಡಿ. ಕೋಟೆ ಕಡೆಯ ಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಬಿಇ ಅಂತ ಮೈಸೂರಿಗೆ ಬಂದರೆ ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷು. ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಥರದ ಪುಸ್ತಕ ತಂದೆ. ದಿನಕ್ಕೆ ಹತ್ತು ಪದ ನೋಟ್‌ಬುಕ್ಕಿನಲ್ಲಿ ಬರೆದು ಉರು ಹೊಡೆದೆ. ಒಂದು ಸೆಮಿಸ್ಟರ್ ಮುಗಿದರೂ ‘ಎ’ ಅಕ್ಷರ ದಾಟಲಿಲ್ಲ. ಭಾನುವಾರ ಕಲಿತದ್ದು ಬುಧವಾರಕ್ಕೆ ಇರುತ್ತಿರಲಿಲ್ಲ.

ಕೊನೆಗೆ ಇಂಗ್ಲಿಷ್ ಕಲಿಸಿದ್ದು ನರಭಕ್ಷಕಗಳು. ಹಾಸ್ಟೆಲಿನ ಸೀನಿಯರ್ ಒಬ್ಬರ ಟ್ರಂಕಿನ ಮೇಲೆ ಕೆನೆತ್ ಆಂಡರ್ಸನ್ನನ ‘ನೈನ್ ಮ್ಯಾನ್‌ಈಟರ್ಸ್ ಅಂಡ್ ಒನ್ ರೋಗ್’ ಬಿದ್ದಿತ್ತು. 1954ರ ಪುಸ್ತಕ. ತಿರುವಿ ಹಾಕಿದರೆ ಪರಿವಿಡಿಯಲ್ಲಿ ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ಜಾಲಹಳ್ಳಿ! ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಕಡೆಯ ಊರಿನ ಹೆಸರು ನೋಡಿದ್ದು ಅದೇ ಮೊದಲು. ಅದಕ್ಕಿಂತ ಮುಖ್ಯವಾಗಿ, ಈ ಲೋಕ ನನಗೆ ಗೊತ್ತಿತ್ತು. ಪೂರ್ಣಚಂದ್ರ ತೇಜಸ್ವಿ ಆಂಡರ್ಸನ್ನನ ಕಥೆಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ನಾಲ್ಕೂ ಭಾಗವನ್ನು ಊರಿನ ಲೈಬ್ರರಿಯಲ್ಲಿ ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ.

‘ನಿಮಗೆ ಇಷ್ಟವಾದದ್ದನ್ನು ಓದಿ, ಪದಗಳು ತಾವಾಗೇ ಬರುತ್ತವೆ’ ಅನ್ನೋ ಸಲಹೆಯನ್ನು ಈಗ ಎಲ್ಲರೂ ಕೊಡ್ತಾರೆ. ನನ್ನ ತಕರಾರು ಇರೋದು ಇಲ್ಲೇ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕ ಹಾಕಿದರು. ಯಾರ ಸಹಾಯವೂ ಇಲ್ಲದೆ ಇಂಗ್ಲಿಷ್ ಕಾದಂಬರಿ ಓದಬೇಕಾದರೆ ಪುಟದ ನೂರು ಪದಗಳಲ್ಲಿ 98 ಗೊತ್ತಿರಬೇಕು ಅಂತ ಇಟ್ಟುಕೊಂಡರೆ, ಅದಕ್ಕೆ 8,000ದಿಂದ 9,000 ಪದಕುಟುಂಬಗಳು ಬೇಕು. ನನ್ನ ಹತ್ತಿರ ಅದರ ಕಾಲುಭಾಗ ಇತ್ತೋ ಇಲ್ಲವೋ. ಅಂಥವನಿಗೆ ‘ಇಷ್ಟವಾದದ್ದನ್ನು ಓದು’ ಅನ್ನೋದು, ಈಜು ಬಾರದವನಿಗೆ ಕಪಿಲೆಯಲ್ಲಿ ನಿನಗಿಷ್ಟವಾದ ಜಾಗ ನೋಡಿ ಧುಮುಕು ಅಂದ ಹಾಗೆ. ಆಸಕ್ತಿ ಎಷ್ಟಿದ್ದರೂ ಪುಟಕ್ಕೆ ನಲವತ್ತು ಸಲ ಡಿಕ್ಷನರಿ ತೆಗೆಯೋಕೆ ಯಾರಿಗೂ ತಾಳ್ಮೆ ಇರಲ್ಲ.

ನನ್ನನ್ನು ಮುಳುಗದ ಹಾಗೆ ಹಿಡಿದದ್ದು ಆಸಕ್ತಿ ಒಂದೇ ಅಲ್ಲ, ತೇಜಸ್ವಿಯವರ ಕನ್ನಡ. ಮುಂದೇನಾಗುತ್ತೆ ಅಂತ ಗೊತ್ತಿದ್ದರಿಂದ ಗೊತ್ತಿಲ್ಲದ ಪದವನ್ನು ಊಹಿಸೋಕೆ ಧೈರ್ಯ ಬರ್ತಿತ್ತು. ‘ಸಿಟ್ ಅಪ್’ ಅಂದರೆ ನನಗೆ ಪೀಟಿ ಮೇಷ್ಟ್ರ ಶಿಕ್ಷೆ ಮಾತ್ರ. ಬೇಟೆಗಾರರ ಇಂಗ್ಲಿಷಿನಲ್ಲಿ ಅದು ಅಟ್ಟಣೆ ಮೇಲೆ ರಾತ್ರಿಯಿಡೀ ಕಾಯೋದು. ರಾಗಿ ಹೊಲಕ್ಕೆ ಹಂದಿ ಬರದಂತೆ ಅಪ್ಪನ ಜೊತೆ ನಾನೂ ಹಾಗೆ ಕೂತವನೇ! ‘ಕಿಲ್’ ಅಂದರೆ ಕೊಲ್ಲೋದು ಮಾತ್ರವಲ್ಲ, ಹುಲಿ ಕೊಂದು ಬಿಟ್ಟುಹೋದ ದನವೂ ಹೌದು. ‘ರೋಗ್’ ಅಂದರೆ ಪುಂಡಾನೆ. ಎಷ್ಟೋ ವರ್ಷದ ಮೇಲೆ ಆಫೀಸಿನ ನೆಟ್‌ವರ್ಕ್ ತಂಡದವರು ‘ರೋಗ್ ಆಕ್ಸೆಸ್ ಪಾಯಿಂಟ್’ ಸಿಕ್ಕಿದೆ ಅಂದಾಗ ಉಳಿದವರು ಗೂಗಲ್ ಮಾಡಿದರು. ನನಗೆ ಹಿಂಡು ಬಿಟ್ಟ ಆನೆ ಕಣ್ಮುಂದೆ ಬಂತು. (ಆ ಪದವನ್ನು ಬಹಳ ದಿನ ‘ರೋಗ್ಯೂ’ ಅಂತಿದ್ದೆ ಅನ್ನೋದು ಬೇರೆ ಮಾತು.)

ಆಂಡರ್ಸನ್ ದೊಡ್ಡ ಸಾಹಿತಿ ಅಂತೇನೂ ನಾನು ಹೇಳಲ್ಲ. ಒಂದರ ಹಿಂದೊಂದು ಓದಿದರೆ ಕಥೆಗಳೆಲ್ಲ ಒಂದೇ ಅಚ್ಚು. ಊರಿಗೆ ಸುದ್ದಿ ಬರುತ್ತೆ, ಹೆಜ್ಜೆ ಗುರುತು ಸಿಗುತ್ತೆ, ಅಟ್ಟಣೆ ಕಟ್ಟುತ್ತಾರೆ, ಸಂಜೆಯಾಗುತ್ತೆ, ಕಡವೆ ಕೂಗುತ್ತೆ. ವಿಮರ್ಶಕನಿಗೆ ಇದು ದೋಷ. ಆದರೆ ಭಾಷೆ ಕಲಿಯೋನಿಗೆ ಇದೇ ವರ. ಅದೇ ಪದ ಮೂರನೇ ಕಥೆಯಲ್ಲಿ, ಐದನೇ ಕಥೆಯಲ್ಲಿ, ಸ್ವಲ್ಪ ಬೇರೆ ಬೆಳಕಿನಲ್ಲಿ ಮತ್ತೆ ಸಿಗುತ್ತೆ. ಒಬ್ಬನೇ ಲೇಖಕನನ್ನೋ ಒಂದೇ ವಿಷಯವನ್ನೋ ಹಿಡಿದು ಓದೋದಕ್ಕೆ ಅಮೆರಿಕದ ಸ್ಟೀಫನ್ ಕ್ರಾಶೆನ್ ‘ನ್ಯಾರೋ ರೀಡಿಂಗ್’ ಅಂತ ಹೆಸರಿಟ್ಟಿದ್ದಾರೆ. ನಮ್ಮ ಹಾಸ್ಟೆಲಿನಲ್ಲಿ ಅದಕ್ಕೆ ಹುಲಿ ಹುಚ್ಚು ಅಂತಿದ್ದರು.

ಇನ್ನು ತೇಜಸ್ವಿ. ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೊಂದಿಸೋಕೆ ಹೋದರೆ ಅವರು ಕೈಕೊಡ್ತಾರೆ. ‘ದ ಕಿಲ್ಲರ್ ಆಫ್ ಜಾಲಹಳ್ಳಿ’ ಅವರಲ್ಲಿ ‘ಜಾಲಹಳ್ಳಿಯ ಕುರ್ಕ’. ಕುರ್ಕ ಅಂದರೆ ಕೊಲೆಗಾರನಲ್ಲ, ಮಲೆನಾಡಿನ ಬಾಯಲ್ಲಿ ಚಿರತೆ. ಕಾರ್ಬೆಟ್ಟನ ‘ದ ಮ್ಯಾನ್‌ಈಟಿಂಗ್ ಲೆಪರ್ಡ್ ಆಫ್ ರುದ್ರಪ್ರಯಾಗ’ ಅವರ ಕೈಯಲ್ಲಿ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಆಯಿತು. ಅಲ್ಲಿ ಹೆಸರಿಂದ ಚಿರತೆಯೇ ಮಾಯ, ಇಲ್ಲಿ ಹೆಸರಿಗೇ ಚಿರತೆ ಬಂದು ಕೂತಿದೆ. ಗೈಡ್ ಬೇಕು ಅನ್ನೋನಿಗೆ ಇದು ತೊಂದರೆ. ನನಗೆ ಮಾತ್ರ ಪದ ಕಲಿಯೋ ಪಾಠ ನಿಜವಾಗಿ ಶುರುವಾದದ್ದು ಇಲ್ಲಿಂದ. ಕಿಲ್ಲರ್ ಅಂತ ಇರೋ ಕಡೆ ಕುರ್ಕ ಯಾಕೆ ಬಂತು ಅಂತ ಯೋಚಿಸಿದವನು ಎರಡು ಪದವನ್ನೂ ಮರೆಯಲ್ಲ. ಆಂಡರ್ಸನ್ ಹೆಚ್ಚಾಗಿ ‘ಪ್ಯಾಂಥರ್’ ಅಂತಾನೆ, ಕಾರ್ಬೆಟ್ ‘ಲೆಪರ್ಡ್’ ಅಂತಾನೆ. ಎರಡು ಬೇರೆ ಪ್ರಾಣಿ ಅಂತಲೇ ಒಂದು ವರ್ಷ ನಂಬಿದ್ದೆ. ಎರಡೂ ನಮ್ಮ ಚಿರತೆಯೇ ಅಂತ ಗೊತ್ತಾದ ದಿನ ಆದ ಖುಷಿ ಯಾವ ನೋಟ್‌ಬುಕ್ಕೂ ಕೊಟ್ಟಿರಲಿಲ್ಲ.

ಅನುವಾದ ಓದಿದರೆ ಮೂಲ ಓದೋ ಅಭ್ಯಾಸ ತಪ್ಪುತ್ತೆ ಅಂತ ನಮ್ಮ ಲೆಕ್ಚರರ್ ಒಬ್ಬರು ಹೇಳ್ತಿದ್ದರು. ನನ್ನ ವಿಷಯದಲ್ಲಿ ಅದು ಪೂರ್ತಿ ಉಲ್ಟಾ. ತೇಜಸ್ವಿ ಇಲ್ಲದಿದ್ದರೆ ಆ ಟ್ರಂಕಿನ ಮೇಲಿದ್ದ ಪುಸ್ತಕವನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಹಳ್ಳಿಯಿಂದ ಬಂದವನ ‘ಇಷ್ಟ’ ಮೊದಲು ಹುಟ್ಟೋದು ಕನ್ನಡದಲ್ಲಿ. ಅದು ಆಮೇಲೆ ಇಂಗ್ಲಿಷಿಗೆ ದಾಟಬೇಕಾದರೆ ಮಧ್ಯೆ ಒಂದು ಕಾಲುಸಂಕ ಬೇಕು.

ಹಾಗಂತ ಇದೇ ರಾಮಬಾಣ ಅಂತಲ್ಲ. ಕಣ್ಣಿಂದ ಬಂದ ಪದ ನಾಲಿಗೆಗೆ ಬರಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಗ್ರೂಪ್ ಡಿಸ್ಕಷನ್ನಿನಲ್ಲಿ ಎರಡು ಸಲ ಹೊರಬಿದ್ದೆ. ನನ್ನ ತಲೆ ತುಂಬ ಕಾಡಿತ್ತು, ಅಲ್ಲಿ ಕೇಳಿದ್ದು ಟೀಮ್ ವರ್ಕು. ಪುಸ್ತಕದ ಜೊತೆ ಕಿವಿಗೂ ಏನಾದರೂ ಹಾಕಿಕೊಂಡಿದ್ದರೆ ಆ ಎರಡು ಸೋಲೂ ಕ್ಯಾಂಟೀನಿನ ನಗುವೂ ತಪ್ಪುತ್ತಿತ್ತೇನೋ. ಈಗ ನಮ್ಮ ತಂಡದ ಹುಡುಗಿಯೊಬ್ಬಳು ಜರ್ಮನಿಗೆ ಹೋಗಬೇಕು ಅಂತ ಆ್ಯಪಿನಲ್ಲಿ ದಿನಾ ಪದ ಉರು ಹೊಡೀತಾಳೆ. ಅವಳಿಗೆ ಅಗಾಥಾ ಕ್ರಿಸ್ಟಿ ಅಂದರೆ ಪ್ರಾಣ. ಈಗಾಗಲೇ ಓದಿ ಮುಗಿಸಿದ, ಕೊಲೆಗಾರ ಯಾರು ಅಂತ ಗೊತ್ತಿರೋ ಕಾದಂಬರಿಯನ್ನೇ ಜರ್ಮನ್ನಿನಲ್ಲಿ ತೆಗೆದುಕೋ, ಆಡಿಯೋ ಸಮೇತ, ಅಂದಿದ್ದೀನಿ. ‘ಕೊಲೆಗಾರ ಗೊತ್ತಿದ್ಮೇಲೆ ಮಜಾ ಎಲ್ಲಿ ಸರ್?’ ಅಂದಳು. ಆದರೂ ತರಿಸಿಕೊಂಡಿದ್ದಾಳೆ.

ಅಕ್ಕನ ಮಗ ಇಲ್ಲೇ ಕುವೆಂಪುನಗರದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ಕ್ಲಾಸು. ಅವನದು ನನ್ನದಕ್ಕೆ ಉಲ್ಟಾ ಕೇಸು. ಕನ್ನಡ ಪುಸ್ತಕ ಅಂದರೆ ಮಾರು ದೂರ. ಬೇಸಿಗೆ ರಜೆಯಲ್ಲಿ ಆಂಡರ್ಸನ್ ಕೊಟ್ಟೆ, ನಾಲ್ಕು ದಿನದಲ್ಲಿ ಮುಗಿಸಿದ. ಕಳೆದ ವಾರ ‘ಜಾಲಹಳ್ಳಿಯ ಕುರ್ಕ’ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಕೇಳಿದ: ‘ಮಾಮ, ಕುರ್ಕ ಅಂದ್ರೆ ಕುರ್‌ಕುರೆನಾ?’

ಓದು, ಗೊತ್ತಾಗುತ್ತೆ ಅಂದೆ. ಹತ್ತನೇ ಪುಟದಲ್ಲಿದ್ದಾನೆ.