ಕಾಣದ ದ್ರವ್ಯದ ಚಿತ್ರಗಳು

2005ರ ‘ಮಿಲೇನಿಯಂ’ ಸಿಮ್ಯುಲೇಶನ್ನಿನ ಚಿತ್ರ ಎದುರಿಗಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಜರ್ಮನಿಯ ವೋಲ್ಕರ್ ಸ್ಪ್ರಿಂಗೆಲ್ ಮತ್ತು ಸಂಗಡಿಗರು ಸುಮಾರು 1,000 ಕೋಟಿ ಕಣಗಳನ್ನು ಗುರುತ್ವದ ಕೈಗೊಪ್ಪಿಸಿ, ವಿಶ್ವ ಬೆಳೆದ ಬಗೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದರು. ನೇರಳೆ ಎಳೆಗಳು, ಅವು ಕೂಡುವಲ್ಲಿ ಹಳದಿಯಾಗಿ ಜ್ವಲಿಸುವ ಗಂಟುಗಳು, ನಡುನಡುವೆ ಬಟ್ಟಬಯಲು. ಬಣ್ಣ ನಮ್ಮ ಕಣ್ಣಿಗಾಗಿ ಹಚ್ಚಿದ್ದು. ಆಕಾರ ಮಾತ್ರ ಕಣ್ಣಿಗೆ ಕಾಣದ ಕಪ್ಪು ದ್ರವ್ಯದ್ದೇ. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಅದು. ಗೆಲಾಕ್ಸಿಗಳು ಹುಟ್ಟುವುದು ಅದರ ಮಡಿಲಲ್ಲೇ.

ಈ ಬಲೆಯ ನಿಜವಾದ ಸೊಗಸು ಹತ್ತಿರ ಹೋದಾಗ ತೆರೆದುಕೊಳ್ಳುತ್ತದೆ. ಮಿಲೇನಿಯಂ ನಂಬಿದ್ದು ‘ತಣ್ಣನೆಯ’ ಕಣಗಳನ್ನು. ಅವುಗಳ ಓಟ ನಿಧಾನ. ಆದ್ದರಿಂದ ಮೊದಲು ಪುಟ್ಟ ಮುದ್ದೆಗಳು ಕಟ್ಟಿ, ಒಂದನ್ನೊಂದು ಕೂಡಿ ದೊಡ್ಡವಾಗುತ್ತವೆ. 2008ರ ‘ಅಕ್ವೇರಿಯಸ್’ ಸಿಮ್ಯುಲೇಶನ್ನಿನ ಚಿತ್ರದಲ್ಲಿ ನಮ್ಮ ಕ್ಷೀರಪಥದಂಥ ಒಂದೇ ಗೆಲಾಕ್ಸಿಯ ಸುತ್ತ ಸುಮಾರು 3 ಲಕ್ಷ ಕಿರುಮುದ್ದೆಗಳು ಕಿಕ್ಕಿರಿದಿವೆ.

ಕಣ ತುಸು ‘ಬೆಚ್ಚಗಿದ್ದರೆ’ ಅದೇ ಎಳೆಗಳು ಅದೇ ಜಾಗದಲ್ಲಿ ಉಳಿಯುತ್ತವೆ, ಕಿರುಮುದ್ದೆಗಳು ಮಾತ್ರ ವಿರಳವಾಗುತ್ತವೆ. ಆರಂಭದ ಓಟದಲ್ಲೇ ಕಣಗಳು ಸಣ್ಣ ಏರಿಳಿತಗಳನ್ನು ಅಳಿಸಿಹಾಕಿರುತ್ತವೆ. ಎಳೆ ನುಣುಪು, ಅಂಚು ಸ್ಪಷ್ಟ. ತೀರಾ ‘ಬಿಸಿಯಾದ’ ನ್ಯೂಟ್ರಿನೊಗಳದ್ದು ಅತಿರೇಕ: ಗೆಲಾಕ್ಸಿಗಳಿಗಿಂತ ಮೊದಲೇ ಬೃಹತ್ ಹಾಳೆಗಳು ಮೂಡುತ್ತವೆ. ಅಂಥ ವಿಶ್ವ ನಮ್ಮದನ್ನು ಹೋಲುವುದಿಲ್ಲವೆಂದು ವೈಟ್, ಫ್ರೆಂಕ್ ಮತ್ತು ಡೇವಿಸ್ 1983ರಲ್ಲೇ ತೋರಿಸಿದರು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು 2014ರಲ್ಲಿ ತೈವಾನಿನ ಸಂಶೋಧಕರು ಮುಂದಿಟ್ಟ ಚಿತ್ರ. ಅಲ್ಲಿನ ಕಣ ಎಷ್ಟು ಹಗುರವೆಂದರೆ, ಅದರ ಕ್ವಾಂಟಮ್ ಅಲೆಯೇ ಸಾವಿರಾರು ಜ್ಯೋತಿರ್ವರ್ಷ ಉದ್ದ. ಕೆರೆಗೆ ಹಲವು ಕಲ್ಲು ಒಟ್ಟಿಗೆ ಬಿದ್ದಾಗ ಹಾಯುವ ಅಲೆಗಳಂತೆ, ಇಲ್ಲಿ ದ್ರವ್ಯವೇ ತನ್ನ ಮೇಲೆ ತಾನು ಹಾಯ್ದು ಎಳೆಗಳುದ್ದಕ್ಕೂ ಪಟ್ಟೆ ಬರೆಯುತ್ತದೆ, ಗೆಲಾಕ್ಸಿಯೊಳಗೆ ಹರಳುಹರಳಾಗುತ್ತದೆ, ನಟ್ಟನಡುವೆ ಮೃದುವಾದ ತಿರುಳಾಗಿ ನಿಲ್ಲುತ್ತದೆ. ಪರಮಾಣುವಿನ ಲೋಕದ ನಿಯಮವೊಂದು ಗೆಲಾಕ್ಸಿಯಗಲಕ್ಕೆ ಹರಡಿಕೊಂಡ ಈ ನೋಟಕ್ಕೆ ಮನಸೋಲದಿರುವುದು ಕಷ್ಟ.

ಆದರೆ ಚೆಲುವಿಗೆ ಸೋತು ತೀರ್ಪು ಕೊಡುವಂತಿಲ್ಲ. ದೂರದಿಂದ ತಣ್ಣನೆಯದು, ಬೆಚ್ಚನೆಯದು, ಅಲೆಯಂಥದು ಮೂರೂ ಒಂದೇ ಬಲೆ; ಭೇದವಿರುವುದು ಸೂಕ್ಷ್ಮದಲ್ಲಿ. ಕ್ಷೀರಪಥದ ಸುತ್ತ ತೆಳ್ಳಗೆ ಹರಿದಿರುವ ನಕ್ಷತ್ರಧಾರೆಗಳಲ್ಲಿ ಕಾಣದ ಮುದ್ದೆ ಹಾಯ್ದ ಬಿರುಕಿದೆಯೇ ಎಂದು ಖಗೋಳಜ್ಞರು ಹುಡುಕುತ್ತಿರುವುದು ಅದಕ್ಕೇ. ಈ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅಕ್ಕಪಕ್ಕ ಇಟ್ಟು ನೋಡಿ. ದೊಡ್ಡ ಎಳೆಗಳಿಗೆ ಮರುಳಾಗದೆ, ಚಿಕ್ಕ ಚುಕ್ಕೆಗಳು ಎಲ್ಲಿವೆ, ಎಲ್ಲಿಲ್ಲ ಎಂಬುದನ್ನು ಗಮನಿಸಿ.