ಜಿನರೂಪದರ್ಶನ ಮತ್ತು ಪಾಪಕ್ಷಯ: ಭಕ್ತಾಮರದ ರೂಪವರ್ಣನೆಯನ್ನು ಕುರಿತು ಒಂದು ವಿಚಾರ

ಭಕ್ತಾಮರಸ್ತೋತ್ರವನ್ನು ನಿತ್ಯಪಾಠವಾಗಿ ಹೇಳುವ ಶ್ರಾವಕರು ನಮ್ಮಲ್ಲಿ ಅಸಂಖ್ಯರು. ಅದರ ಪದ್ಯಗಳ ಅನುಕ್ರಮವನ್ನು ಗಮನಿಸಿ ಪರಾಮರ್ಶಿಸುವವರು ವಿರಳ. ಏಳನೆಯ ಪದ್ಯದಲ್ಲಿ ಮಾನತುಂಗಾಚಾರ್ಯರು, ಭವಪರಂಪರೆಯಲ್ಲಿ ಕಟ್ಟಿಕೊಂಡ ಪಾಪವು ಜಿನಸ್ತವನದಿಂದ ಕ್ಷಣಮಾತ್ರದಲ್ಲಿ ನಾಶವಾಗುವುದೆಂದೂ, ದುಂಬಿಯಂತೆ ಕಪ್ಪಾದ ಇರುಳು ಸೂರ್ಯಕಿರಣದಿಂದ ಒಡೆಯುವ ಹಾಗೆ ಅದು ಒಡೆಯುವುದೆಂದೂ ಹೇಳುತ್ತಾರೆ. ಅನಂತರ ಹನ್ನೊಂದನೆಯ ಪದ್ಯದಿಂದ ಆದಿನಾಥಸ್ವಾಮಿಯ ರೂಪವರ್ಣನೆ ತೊಡಗುತ್ತದೆ. ಪಾಪಕ್ಷಯಕ್ಕೂ ರೂಪವರ್ಣನೆಗೂ ಸಂಬಂಧವೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಇದರಲ್ಲಿ ಎರಡು ಅಭಿಪ್ರಾಯಗಳುಂಟು. ರೂಪವರ್ಣನೆ ಸಂಸ್ಕೃತ ಕವಿಸಮಯದ ಪಾಲನೆಯಷ್ಟೆ, ಸಿದ್ಧಾಂತಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬುದು ಒಂದು. ಸೌಂದರ್ಯವನ್ನು ಹೊಗಳಿದರೆ ದೇವರು ಪ್ರಸನ್ನನಾಗಿ ಪಾಪವನ್ನು ಕಳೆಯುತ್ತಾನೆಂಬುದು ಮತ್ತೊಂದು. ಎರಡನೆಯದನ್ನು ಬಾಯಿಬಿಟ್ಟು ಹೇಳುವ ಜೈನವಿದ್ವಾಂಸರು ಇರಲಾರರು. ಆದರೆ ಪ್ರತಿ ಪದ್ಯಕ್ಕೂ ಋದ್ಧಿ, ಮಂತ್ರ, ಯಂತ್ರ, ಫಲಗಳನ್ನು ಜೋಡಿಸಿದ ಪ್ರತಿಗಳಲ್ಲಿ ಅದು ಹೇಳದೆಯೇ ಬಂದು ಕುಳಿತಿದೆ. ಮಾನತುಂಗರನ್ನು ಬಾಣ ಮಯೂರರೊಡನೆ ಸ್ಪರ್ಧೆಗಿಳಿಸುವ ಪ್ರಭಾವಕಚರಿತದ (1277) ಕಥೆಯೂ ಈ ಭಾವನೆಯನ್ನೇ ಬೆಳೆಸಿತು. ಸೂರ್ಯನು ಮಯೂರನ ರೋಗವನ್ನು ಕಳೆದನಾದರೆ ಆದಿನಾಥನು ಮಾನತುಂಗರ ಸಂಕೋಲೆಯನ್ನು ಕಳಚಿದನೆಂದು ಸರಿಗಟ್ಟಿ ಹೇಳಿದಾಗ, ವೀತರಾಗನೂ ವರಪ್ರದನಾದ ದೇವತೆಯೂ ಒಂದೇ ಪಂಕ್ತಿಯಲ್ಲಿ ನಿಂತಂತಾಗುತ್ತದೆ.

ಸ್ತೋತ್ರವಾದರೋ ಹಾಗೆ ಹೇಳುವುದಿಲ್ಲ. ಒಂಬತ್ತನೆಯ ಪದ್ಯದ ದೃಷ್ಟಾಂತವನ್ನೇ ನೋಡಬಹುದು. ಸೂರ್ಯನು ಬಹುದೂರದಲ್ಲಿದ್ದಾನೆ, ಕೊಳದ ತಾವರೆ ಅವನ ಪ್ರಭೆಯಿಂದಲೇ ಅರಳುತ್ತದೆ. ಅರಳಿಸಬೇಕೆಂಬ ಇಚ್ಛೆ ಸೂರ್ಯನಿಗಿಲ್ಲ. ಅರಳುವ ಯೋಗ್ಯತೆ ತಾವರೆಯದು. ನಿಮಿತ್ತ, ಉಪಾದಾನಗಳ ವಿವೇಕವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಇನ್ನೂ ಒಂದು ಅಂಶವುಂಟು. ಏಳನೆಯ ಪದ್ಯದಲ್ಲಿ ಕವಿಯ ಮಾತು ‘ಪಾಪ’, ಒಂಬತ್ತನೆಯದರಲ್ಲಿ ‘ದುರಿತ’. ಎರಡರಲ್ಲಿಯೂ ‘ಸರ್ವಕರ್ಮ’ ಎಂದಿಲ್ಲ. ಶುಭಪರಿಣಾಮದ ವಿಶುದ್ಧಿಯಿಂದ ಪಾಪಪ್ರಕೃತಿಗಳ ಅನುಭಾಗ ಕುಗ್ಗುವುದೂ ಪುಣ್ಯಪ್ರಕೃತಿಗಳ ಅನುಭಾಗ ಹಿಗ್ಗುವುದೂ ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಹೊಸದಲ್ಲ. ಕವಿಯ ಪ್ರತಿಜ್ಞೆ ಈ ಮೇರೆಯನ್ನು ಮೀರಿಲ್ಲ.

ರೂಪದರ್ಶನಕ್ಕೆ ಆಗಮದ ಬೆಂಬಲವೂ ಇದೆ. ಮನುಷ್ಯರಿಗೂ ತಿರ್ಯಂಚರಿಗೂ ಸಮ್ಯಕ್ತ್ವೋತ್ಪತ್ತಿಯ ಬಾಹ್ಯಸಾಧನಗಳಲ್ಲಿ ಜಾತಿಸ್ಮರಣ, ಧರ್ಮಶ್ರವಣಗಳೊಡನೆ ಜಿನಬಿಂಬದರ್ಶನವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎಣಿಸಿದ್ದಾರೆ. ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದು 1939ರಿಂದ ಮುದ್ರಣದ ಬೆಳಕು ಕಂಡ ಧವಲಾಟೀಕೆಯಲ್ಲಿ ವೀರಸೇನಾಚಾರ್ಯರು ಇನ್ನೂ ಮುಂದೆ ಹೋಗಿ, ನಿಧತ್ತ ನಿಕಾಚಿತಗಳಾದ ಮಿಥ್ಯಾತ್ವಾದಿ ಕರ್ಮಗಳೂ ಜಿನಬಿಂಬದರ್ಶನದಿಂದ ಕ್ಷಯವಾಗುವುದುಂಟೆನ್ನುತ್ತಾರೆ. ಆದ್ದರಿಂದ ಕಣ್ಣಿಗೂ ಪಾಪಕ್ಷಯಕ್ಕೂ ಸಂಬಂಧವೇ ಇಲ್ಲವೆಂಬ ಮೊದಲನೆಯ ಪಕ್ಷ ನಿಲ್ಲುವುದಿಲ್ಲ.

ಈಗ ಹನ್ನೊಂದನೆಯ ಪದ್ಯ. ಜಿನನನ್ನು ಎವೆಯಿಕ್ಕದೆ ನೋಡಿದ ಕಣ್ಣು ಬೇರೆಲ್ಲಿಯೂ ತೃಪ್ತಿಗೊಳ್ಳದು. ಕ್ಷೀರಸಾಗರದ ನೀರನ್ನು ಕುಡಿದವನು ಉಪ್ಪುನೀರನ್ನು ಬಯಸಿಯಾನೆ ಎಂಬುದು ತಾತ್ಪರ್ಯ. ಇಲ್ಲಿ ಪಾಠಭೇದವೊಂದಿದೆ. ‘ಜಲನಿಧೇಃ’ ಎಂಬುದರ ಮುಂದೆ ಕೆಲವು ಪ್ರತಿಗಳು ‘ಅಶಿತುಂ’ ಎಂದೂ ಕೆಲವು ‘ರಸಿತುಂ’ ಎಂದೂ ಓದುತ್ತವೆ. ಪದಗಳನ್ನು ಬಿಡಿಸದೆ ಬರೆಯುವ ಓಲೆಯಲ್ಲಿ ಸಂಧಿಯಾದ ಮೇಲೆ ಇವೆರಡಕ್ಕೂ ಉಳಿಯುವ ಅಂತರ ಶಕಾರ ಸಕಾರಗಳದು ಮಾತ್ರ. ‘ರಸಿತುಂ’ ಎಂಬುದು ಮೊದಲ ನೋಟಕ್ಕೆ ಹಿತವಾಗಿದೆ: ಸವಿಯುವುದಕ್ಕೆ ಎಂದು ಅರ್ಥವಾಗಿ, ಸೌಂದರ್ಯಪ್ರಕರಣದಲ್ಲಿ ರಸದ ಸ್ಪರ್ಶವೂ ದೊರೆಯುತ್ತದೆ. ಆದರೆ ಆಸ್ವಾದನಾರ್ಥದ ರಸಧಾತು ಚುರಾದಿಗಣದ್ದು. ಅದರಿಂದ ‘ರಸಯಿತುಂ’ ಎಂದಾಗಬೇಕು. ಭ್ವಾದಿಯ ರಸಧಾತುವಿಗೆ ಸದ್ದುಮಾಡುವುದೆಂದು ಅರ್ಥ. ಅದು ಇಲ್ಲಿ ಅಸಂಗತ. ಅಶಧಾತುವಿನಿಂದ ‘ಅಶಿತುಂ’ ನೇರವಾಗಿ ಸಿದ್ಧವಾಗುತ್ತದೆ. ನೀರನ್ನು ಉಣ್ಣುವರೆ ಎಂದು ಆಕ್ಷೇಪಿಸಬಹುದು. ಸೇವಿಸುವುದು ಎಂಬ ಸಾಮಾನ್ಯಾರ್ಥವನ್ನು ಹಿಡಿದರೆ ಬಾಧೆಯಿಲ್ಲ. ‘ಅಶಿತುಂ’ ಎಂಬುದನ್ನೇ ಮೂಲಪಾಠವೆಂದು ಹಿಡಿಯುವುದು ಯುಕ್ತ. ಅರ್ಥ ಸುಲಭವಾಗಲೆಂದು ಯಾರೋ ‘ರಸಿತುಂ’ ಎಂದು ತಿದ್ದಿರುವುದು ಸಂಭವ. ಇದರಿಂದ ರಸಾಸ್ವಾದದ ವಾದಕ್ಕೆ ಈ ಪದ್ಯದಲ್ಲಿ ಸಿಕ್ಕುವ ಊರೆ ತಪ್ಪುತ್ತದೆ. ಪದ್ಯ ಹೇಳುವುದು ಹೊಸದೊಂದು ಸವಿಯನ್ನಲ್ಲ, ಹಳೆಯ ಬಾಯಾರಿಕೆ ನಿಂತುಹೋದುದನ್ನು.

ಹನ್ನೆರಡನೆಯ ಪದ್ಯ ಪಂಡಿತಸಭೆಗಳಲ್ಲಿ ವಿನೋದಕ್ಕೂ ಕಾರಣವಾಗುವುದುಂಟು. ಸ್ವಾಮಿಯ ದೇಹವನ್ನು ನಿರ್ಮಿಸಿದ ಪರಮಾಣುಗಳು ಲೋಕದಲ್ಲಿ ಅಷ್ಟೇ ಇದ್ದುವು, ಆದ್ದರಿಂದಲೇ ಸಮಾನರೂಪ ಮತ್ತೊಂದಿಲ್ಲವೆಂದರೆ, ಅಜಿತನಾಥಾದಿ ಇಪ್ಪತ್ತಮೂವರಿಗೆ ಪರಮಾಣುಗಳು ಎಲ್ಲಿಂದ ಬಂದುವು? ಇದು ಉತ್ಪ್ರೇಕ್ಷೆ, ಪುದ್ಗಲದ ಗಣನೆಗೆ ಇದನ್ನು ಪ್ರಮಾಣವಾಗಿ ಹಿಡಿಯಲಾಗದು. ಪದ್ಯದ ತೂಕವಿರುವುದು ಆ ಪರಮಾಣುಗಳಿಗೆ ಕೊಟ್ಟ ‘ಶಾಂತರಾಗರುಚಿ’ ಎಂಬ ವಿಶೇಷಣದಲ್ಲಿ. ರಾಗವೆಂದರೆ ಬಣ್ಣವೂ ಹೌದು, ಮೋಹನೀಯದ ರಾಗವೂ ಹೌದು. ಶಾಂತವಾದ ವರ್ಣದ ಕಾಂತಿಯುಳ್ಳವು ಎಂದೂ, ರಾಗದ ರುಚಿ ಅಡಗಿದವು ಎಂದೂ ಸಮಾಸವನ್ನು ಬಿಡಿಸಬಹುದು. ಲೌಕಿಕಸೌಂದರ್ಯ ನೋಡುವವನಲ್ಲಿ ರಾಗವನ್ನು ಎಬ್ಬಿಸುತ್ತದೆ. ಈ ಸೌಂದರ್ಯದ ಉಪಾದಾನವೇ ರಾಗದ ಉಪಶಮವೆಂದು ಕವಿಯ ಇಂಗಿತ. ಹದಿನೈದನೆಯ ಪದ್ಯದಲ್ಲಿ ದೇವಾಂಗನೆಯರಿಂದ ವಿಕಾರಗೊಳ್ಳದ ಮನಸ್ಸನ್ನು ಪ್ರಳಯವಾಯುವಿಗೂ ಅಲುಗದ ಮೇರುಶಿಖರಕ್ಕೆ ಹೋಲಿಸಿ ಈ ಪ್ರಕರಣ ಮುಗಿಯುವುದು ಆಕಸ್ಮಿಕವಲ್ಲ.

ಬಲವಾದ ಆಕ್ಷೇಪ ಬರುವುದು ಹೊರಗಿನಿಂದಲ್ಲ, ನಮ್ಮ ಆಚಾರ್ಯರಿಂದಲೇ. ದೇಹವನ್ನು ಸ್ತುತಿಸಿದ ಮಾತ್ರಕ್ಕೆ ಕೇವಲಿಯನ್ನು ಸ್ತುತಿಸಿದಂತಾಗದು, ನಗರವನ್ನು ವರ್ಣಿಸಿದರೆ ರಾಜನ ವರ್ಣನೆಯಾಗದಷ್ಟೆ ಎಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ನಿಶ್ಚಯನಯದಿಂದ ಹೇಳಿದ್ದಾರೆ. ಸಮಂತಭದ್ರಸ್ವಾಮಿಗಳು ಆಪ್ತಮೀಮಾಂಸೆಯ ಆದಿಯಲ್ಲಿಯೇ ದೇವಾಗಮನ, ಚಾಮರಾದಿ ವಿಭೂತಿಗಳನ್ನೂ ದೇಹದ ಮಹೋದಯವನ್ನೂ ಆಪ್ತತ್ವಕ್ಕೆ ಹೇತುವಲ್ಲವೆಂದು ತಳ್ಳಿದ್ದಾರೆ. ಮೊದಲನೆಯವು ಮಾಯಾವಿಗಳಲ್ಲಿಯೂ ಕಾಣುತ್ತವೆ, ಎರಡನೆಯದು ರಾಗಿಗಳಾದ ದೇವತೆಗಳಲ್ಲಿಯೂ ಇದೆ. ಭಕ್ತಾಮರದಲ್ಲಿ ಅಶೋಕವೃಕ್ಷ, ಸಿಂಹಾಸನ, ಚಾಮರ, ಛತ್ರತ್ರಯಗಳ ವರ್ಣನೆಯಿದೆ. ನಾವು ಪಠಿಸುವ ನಲವತ್ತೆಂಟು ಪದ್ಯಗಳ ಪಾಠದಲ್ಲಿ ಉಳಿದ ನಾಲ್ಕು ಪ್ರಾತಿಹಾರ್ಯಗಳೂ ಸೇರಿವೆ, ಶ್ವೇತಾಂಬರರ ನಲವತ್ತನಾಲ್ಕರ ಪಾಠದಲ್ಲಿ ಅವಿಲ್ಲ. ಯಾವ ಪಾಠವನ್ನು ಹಿಡಿದರೂ ಆಕ್ಷೇಪ ಹಾಗೆಯೇ ಉಳಿಯುತ್ತದೆ.

ಪರಿಹಾರವನ್ನು ಕೊಡುವವರೂ ಸಮಂತಭದ್ರರೇ. ವೀತರಾಗನಿಗೆ ಪೂಜೆಯಿಂದ ಪ್ರಯೋಜನವಿಲ್ಲ, ವೈರವನ್ನು ಕಳೆದವನಿಗೆ ನಿಂದೆಯಿಂದ ಕೋಪವಿಲ್ಲ, ಆದರೂ ಅವನ ಪುಣ್ಯಗುಣಗಳ ಸ್ಮರಣೆ ನಮ್ಮ ಚಿತ್ತವನ್ನು ದುರಿತದ ಕಾಡಿಗೆಯಿಂದ ತೊಳೆಯುತ್ತದೆಂಬ ವಾಸುಪೂಜ್ಯಸ್ತವನದ ಮಾತು ಎಲ್ಲರಿಗೂ ಕಂಠಸ್ಥ. ಅಷ್ಟೊಂದು ಗಮನಕ್ಕೆ ಬಾರದುದು ಅದೇ ಸ್ವಯಂಭೂಸ್ತೋತ್ರದ ಅರಜಿನಸ್ತವನ. ಅರನಾಥನು ಚಕ್ರವರ್ತಿ, ಕಾಮದೇವ, ತೀರ್ಥಂಕರ, ಮೂರೂ ಆದವನು. ಅವನ ರೂಪವನ್ನು ಎರಡು ಕಣ್ಣುಗಳಿಂದ ನೋಡಿ ತೃಪ್ತಿಹೊಂದದ ಶಕ್ರನು ಸಹಸ್ರಾಕ್ಷನಾದನೆಂದು ಒಂದು ಪದ್ಯ. ಅದರ ಬೆನ್ನಿಗೇ, ಕಷಾಯಗಳೆಂಬ ಭಟರನ್ನು ಕೂಡಿಕೊಂಡ ಮೋಹವೆಂಬ ಪಾಪಿಶತ್ರುವನ್ನು ಆ ಧೀರನು ದರ್ಶನ, ಜ್ಞಾನ, ಉಪೇಕ್ಷೆಗಳೆಂಬ ಅಸ್ತ್ರಗಳಿಂದ ಗೆದ್ದನೆಂದು ಮತ್ತೊಂದು. ರೂಪವೂ ಪಾಪಜಯವೂ ಇಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿವೆ. ಮುಂದೆ ಆಚಾರ್ಯರು ರೂಪವೇ ಸಾಕ್ಷಿಯೆನ್ನುತ್ತಾರೆ: ಭೂಷಣ, ವೇಷ, ಆಯುಧಗಳನ್ನು ತ್ಯಜಿಸಿ ವಿದ್ಯೆ, ದಮ, ದಯೆಗಳಲ್ಲಿ ನೆಲೆಗೊಂಡ ಆ ರೂಪವು ತಾನಾಗಿಯೇ ದೋಷನಿಗ್ರಹವನ್ನು ಸಾರುತ್ತದೆ. ಆಪ್ತಮೀಮಾಂಸೆ ತಳ್ಳಿದ್ದು ರಾಗಿಗಳಲ್ಲಿಯೂ ಸಿಕ್ಕುವ ದೇಹವೈಭವವನ್ನು. ಇಲ್ಲಿ ಹೇಳಿದ್ದು ರಾಗಿಗಳಲ್ಲಿ ಸಿಕ್ಕದ ರೂಪವನ್ನು. ನಿರಾಭರಣವೂ ನಿರಾಯುಧವೂ ಆದ ಶರೀರದಲ್ಲಿ ನಗರದ ವರ್ಣನೆ ರಾಜನನ್ನು ಮರೆಸದೆ ಅವನ ಕಡೆಗೆ ಬೆರಳು ತೋರುತ್ತದೆ. ಕುಂದಕುಂದರ ದೃಷ್ಟಾಂತಕ್ಕೆ ವ್ಯವಹಾರನಯದಲ್ಲಿ ಇಷ್ಟು ಅವಕಾಶವುಂಟು.

ಕನ್ನಡದ ಬೊಪ್ಪಣಕವಿ ಸುಮಾರು 1180ರ ಬೆಳುಗೊಳದ ಶಾಸನದಲ್ಲಿ ಗೊಮ್ಮಟನ ಔನ್ನತ್ಯ, ಸೌಂದರ್ಯ, ಅತಿಶಯಗಳು ಒಂದೆಡೆ ಕೂಡಿದುದನ್ನು ಕಂಡು ಬೆರಗಾದನು. ಅಲ್ಲಿಯೂ ಬೆರಗಿಗೆ ವಸ್ತುವಾದುದು ಬತ್ತಲೆ ನಿಂತ ಕಲ್ಲೇ. ಭಕ್ತಾಮರಕ್ಕೆ ಮುಂದೆ ಕನ್ನಡದಲ್ಲಿ ಟೀಕೆ ಬರೆಯುವವರು ಹನ್ನೆರಡನೆಯ ಪದ್ಯದ ‘ರಾಗ’ಶಬ್ದಕ್ಕೆ ಬರಿಯ ಬಣ್ಣವೆಂದು ಅರ್ಥ ಬರೆದು ಮುಂದೆ ಸಾಗದೆ ಎರಡು ವಿಗ್ರಹವಾಕ್ಯಗಳನ್ನೂ ಕೊಡಬೇಕು, ಯಂತ್ರಮಂತ್ರಗಳನ್ನು ಮುದ್ರಿಸಲೇಬೇಕಾದಲ್ಲಿ ಅವನ್ನು ಮೂಲದ ಪದ್ಯಗಳ ನಡುವೆ ಸೇರಿಸದೆ ಪರಿಶಿಷ್ಟದಲ್ಲಿ ಇಡಬೇಕು.