ಮಾತಿಲ್ಲದೆ ಮರಣ ತಿಳಿಸುವ ಪುಸ್ತಕ

ಬುದ್ಧಿಮಾಂದ್ಯರೆಂದು ನಾವು ಕರೆಯುವವರಿಗೆ ಅವರ ಮರಣ ಸಮೀಪಿಸಿದೆಯೆಂದು ತಿಳಿಸಬೇಕೇ? ಇಂಗ್ಲೆಂಡಿನ ಮನೋವೈದ್ಯೆ ಶೀಲಾ ಹಾಲಿನ್ಸ್ ಅವರು ಐರೀನ್ ಟಫ್ರಿ-ವೈನ್ ಅವರೊಡನೆ 2009ರಲ್ಲಿ ಹೊರತಂದ 'ಆಮ್ ಐ ಗೋಯಿಂಗ್ ಟು ಡೈ?' ಜಾನ್ ಎಂಬಾತನ ಕಡೆಯ ದಿನಗಳನ್ನು ಮಾತಿಲ್ಲದ ಚಿತ್ರಗಳಲ್ಲಿ ನಿರೂಪಿಸುತ್ತದೆ. ಚಿತ್ರ ನೋಡುವವನೇ ಕಥೆ ಹೇಳುತ್ತಾನೆ. ಎಷ್ಟು ತಿಳಿಯಬೇಕೆಂಬುದೂ ಅವನಿಗೇ ಬಿಟ್ಟದ್ದು. ಇದೇ ಪುಸ್ತಕದ ಹಿರಿಮೆ. "ಅವನಿಗೇನು ತಿಳಿದೀತು" ಎನ್ನುವ ನಮ್ಮ ಕರುಣೆ ಬಹುಪಾಲು ನಮ್ಮದೇ ಅಂಜಿಕೆ.

ಆದರೆ ಮರೆವಿನ ರೋಗವೂ ಸೇರಿದಾಗ ಚಿತ್ರಗಳಷ್ಟೇ ಸಾಲವು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಹೆಚ್ಚುವರಿ 21ನೆಯ ವರ್ಣತಂತುವಿನಿಂದಾಗಿ ಅಲ್ಜೈಮರ್ ರೋಗ ಐವತ್ತರ ಆಸುಪಾಸಿನಲ್ಲೇ ಕಾಣಿಸಿಕೊಳ್ಳುವುದುಂಟು. ಇಂದು ತಿಳಿಸಿದ್ದು ನಾಳೆ ಅಳಿಸಿಹೋಗುತ್ತದೆ. ಮತ್ತೆ ತಿಳಿಸಿದರೆ ದುಃಖವೂ ಹೊಸದು. ಆಗ ಓದಬೇಕಾದದ್ದು ಮುಖವನ್ನು: ತಟ್ಟೆ ತಳ್ಳಿದರೆ ಹಟವೆನ್ನದೆ, ಹಲ್ಲು ನೋಯುತ್ತಿದೆಯೇ, ನುಂಗಲು ಕಷ್ಟವೇ ಎಂದು ನೋಡಬೇಕು.